ಏಳು ಸೆಂಟಿಮೀಟರ್ ಹೊಟ್ಟೆಕಿಚ್ಚು

"ಇಲ್ಲಿ ಟೈರ್ ಹಾಕೋರು ಯಾರು?"

ಆ ದನಿಗೆ ಟೈರ್ ಅಂಗಡಿಯೊಳಗಿದ್ದ ಅವಳು ತಲೆಯೆತ್ತಿ ನೋಡಿದಳು. ಅಬ್ಬಾ, ಎಂಥಾ ಚೆಲುವೆ! ತೋಳಿನ ಮೇಲೆ ಬಿಳಿ ಕೋಟು, ಕಾಲಲ್ಲಿ ಕೆಸರು ಮೆತ್ತಿದ ಬೂಟು, ಹಿಂದೆ ಅಷ್ಟೇ ಕೆಸರಾದ ಹಳೆಯ ನೀಲಿ ಕಾರು.

"ನಾನೇ ಮೇಡಂ, ಹೇಳಿ."

"ಮುಂದಿನ ಎರಡೂ ಬೋಳಾಗಿವೆ, ಬದಲಾಯಿಸ್ಬಿಡಿ. ನಾನು ದನಗಳ ಡಾಕ್ಟರು, ಕರೆದ ಕಡೆ ಓಡ್ತಾ ಇರ್ಬೇಕು. ನೀವು ಹಾಕೋದ್ರಲ್ಲಿ ಪಕ್ಕದ ಶೆಡ್ಡಲ್ಲಿ ಗೇರ್‌ಬಾಕ್ಸ್ ಆಯಿಲ್ ವಿಚಾರ ಕೇಳ್ಕೊಂಡು ಬರ್ತೀನಿ."

ಪಕ್ಕದ ಶೆಡ್ಡು!

ಅದು ಅವನ ಶೆಡ್ಡು. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ರಿಪೇರಿ ಬಲ್ಲವನು ಆ ಬೀದಿಗೆ ಅವನೊಬ್ಬನೇ. ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಅವನನ್ನು 'ಗೇರಣ್ಣ' ಎನ್ನುತ್ತಿದ್ದರು. ಇವಳೊಬ್ಬಳು ಮಾತ್ರ ಬರೀ 'ಗೇರು' ಎನ್ನುತ್ತಿದ್ದಳು. ಯಾಕೆಂದು ಆ ಮಹಾನುಭಾವನಿಗೆ ಇನ್ನೂ ಹೊಳೆದಿರಲಿಲ್ಲ ನೋಡಿ! ನಾಲ್ಕು ವರ್ಷದಿಂದ ನಡುಗೋಡೆಯ ಕಿಂಡಿಯಲ್ಲಿ ಆ ಕಡೆಯಿಂದ ಸ್ಪ್ಯಾನರ್ ಬರುತ್ತಿತ್ತು, ಈ ಕಡೆಯಿಂದ ಟೀ ಹೋಗುತ್ತಿತ್ತು. ಮನಸ್ಸಿನ ಮಾತು ಮಾತ್ರ ಎರಡೂ ಕಡೆಯಿಂದ ಹೊರಟಿರಲಿಲ್ಲ.

ಅವನು ಅವಳನ್ನು ಕರೆಯುತ್ತಿದ್ದದ್ದು 'ಟೇಪಮ್ಮ' ಎಂದು. ಅದಕ್ಕೆ ಕಾರಣವಿತ್ತು. ಅವಳ ಕೊರಳಲ್ಲಿ ಸದಾ ಉದ್ದನೆಯ ಬಟ್ಟೆ ಟೇಪೊಂದು ನೇತಾಡುತ್ತಿತ್ತು. ಮೊದಲು ಕಾರಿನ ಅಡಿಗೆ ಬಗ್ಗಿ ನೋಡಬೇಕು, ಆಮೇಲೆ ನಾಲ್ಕೂ ಚಕ್ರದ ಸುತ್ತಳತೆ ತೆಗೆಯಬೇಕು, ಅದಾದ ಮೇಲೇ ಹೊಸ ಟೈರಿಗೆ ಕೈ ಹಚ್ಚಬೇಕು. ತೀರಿಹೋದ ಅಪ್ಪ ಕಲಿಸಿದ ಕ್ರಮ. ಒಂದು ದಿನವೂ ತಪ್ಪಿಸಿದವಳಲ್ಲ.

ಅವತ್ತು ತಪ್ಪಿತು.

ಅವಳು ಟೇಪಿಗೆ ಕೈ ಹಾಕಿದ್ದಳು, ಅಷ್ಟರಲ್ಲಿ ಕಿಂಡಿಯಿಂದ ನಗು ಕೇಳಿಸಿತು. ಅವನ ನಗು! ಗಿರಾಕಿಗಳ ಮುಂದೆ ಹಲ್ಲು ಕಾಣಿಸದ ಮನುಷ್ಯ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಡಾಕ್ಟರಮ್ಮನೂ ನಗುತ್ತಿದ್ದಳು.

'ಐದು ನಿಮಿಷದ ಪರಿಚಯಕ್ಕೆ ಇಷ್ಟು ನಗೂನಾ? ನನ್ನ ಜೊತೆ ಯಾವತ್ತಾದ್ರೂ ಹೀಗೆ ನಕ್ಕಿದ್ದಾನಾ...?'

ಮೈಯೆಲ್ಲ ಉರಿಯಿತು. ಕಣ್ಣು ಕಿಂಡಿಯಲ್ಲಿ, ಕೈ ಅಟ್ಟದಲ್ಲಿ. ಸಿಕ್ಕಿದ ಎರಡು ಟೈರು ಎಳೆದು, ಹಾಕಿ, ನಟ್ಟು ಬಿಗಿದು ಕಳಿಸಿಬಿಟ್ಟಳು. ಪೀಡೆ ತೊಲಗಿತು!

ಎಲ್ಲಿ ತೊಲಗುತ್ತದೆ? ಮೂರನೆಯ ದಿನವೇ ಕಾರು ಅವನ ಶೆಡ್ಡಿನ ಮುಂದಿತ್ತು.

"ತಿರುವಿನಲ್ಲಿ ಗಾಡಿ ಗಡಗಡ ನಡುಗುತ್ತೆ ಸರ್. ಗೇರ್ ಬೀಳುವಾಗ ಹಿಂದಿನಿಂದ ಯಾರೋ ಒದ್ದ ಹಾಗಾಗುತ್ತೆ."

ಅವನು ಆಯಿಲ್ ಕಡ್ಡಿ ಎಳೆದು ಮೂಸಿದ. ಬಣ್ಣ ಕೆಂಪಗೇ ಇತ್ತು, ಸುಟ್ಟ ವಾಸನೆಯಿರಲಿಲ್ಲ. ಆದರೂ ಆಯಿಲ್ ಬದಲಾಯಿಸಿದ. ಐದನೆಯ ದಿನ ಫಿಲ್ಟರ್ ಬದಲಾಯಿಸಿ, ತಳದ ತಟ್ಟೆಯಲ್ಲಿ ಲೋಹದ ಪುಡಿ ಇದೆಯೇ ಎಂದು ಹುಡುಕಿದ, ಇರಲಿಲ್ಲ. ಎಂಟನೆಯ ದಿನ ವೈರುಗಳನ್ನೆಲ್ಲ ಒಂದೊಂದಾಗಿ ತಪಾಸಣೆ ಮಾಡಿದ. ನಡುಕ ನಿಲ್ಲಲಿಲ್ಲ, ಡಾಕ್ಟರಮ್ಮ ಬರುವುದೂ ನಿಲ್ಲಲಿಲ್ಲ. ಈಗ ಫ್ಲಾಸ್ಕಿನಲ್ಲಿ ಕಾಫಿ ಬೇರೆ ತರುತ್ತಿದ್ದಳು! ಕಿಂಡಿಯಿಂದ ಹೋದ ಟೀ ಆರಿ, ಕೆನೆ ಕಟ್ಟಿ, ಹಾಗೇ ವಾಪಸ್ ಬಂತು.

ಅಂಗಡಿಯ ಮೂಲೆಯಲ್ಲಿ ಕೂತಿದ್ದ ಅಮ್ಮ ಮೂಗು ಅರಳಿಸಿದರು. "ಏನೇ ಇದು, ಸುಟ್ಟ ವಾಸನೆ? ರಬ್ಬರೋ, ನಿನ್ನ ಹೊಟ್ಟೆಯೋ?"

"ಸುಮ್ನಿರಮ್ಮಾ!"

ಹತ್ತನೆಯ ದಿನ ಸಂಜೆ ಕಿಂಡಿಯಿಂದ ಅವನ ಸೋತ ದನಿ ಕೇಳಿಸಿತು.

"ನಾಳೆ ಬೆಳಗ್ಗೆ ಗೇರ್‌ಬಾಕ್ಸ್ ಇಳಿಸಿ ಬಿಚ್ಚೇಬಿಡ್ತೀನಿ ಡಾಕ್ಟ್ರೇ. ಆದ್ರೆ ಹಳೇ ಬಾಕ್ಸು... ಬಿಚ್ಚಿದ್ಮೇಲೆ ಮೊದಲಿನ ಹಾಗೆ ಕೂರುತ್ತೆ ಅಂತ ಮಾತು ಕೊಡೋಕಾಗಲ್ಲ. ಸಾಮಾನೂ ಈಗ ಸಿಗಲ್ಲ."

"ಬೇರೆ ಕಡೆ ಗುಜರಿಗೆ ಹಾಕಿ ಅಂದ್ರು. ನನಗೆ ನಿಮ್ಮ ಮೇಲೆ ನಂಬಿಕೆ ಇದೆ ಸರ್. ಬಿಚ್ಚಿ."

ನಂಬಿಕೆಯಂತೆ, ನಂಬಿಕೆ! ಇವತ್ತು ಒಂದು ಮಾತು ಕೇಳಿಯೇಬಿಡಬೇಕೆಂದು ಅವಳು ಧುಮುಗುಟ್ಟುತ್ತ ಹೊರಗೆ ಬಂದಳು. ಡಾಕ್ಟರಮ್ಮ ಬಸ್ಸು ಹಿಡಿಯಲು ಹೊರಟುಹೋಗಿದ್ದಳು. ಅವನು ಒಳಗೆ ಕೈ ತೊಳೆಯುತ್ತಿದ್ದ. ಎದುರಿಗೆ ಆ ನೀಲಿ ಕಾರು ಮಾತ್ರ ನಿಂತಿತ್ತು.

ಹಳೆಯ ಅಭ್ಯಾಸ, ಬಗ್ಗಿ ನೋಡಿದಳು. ಗೇರ್‌ಬಾಕ್ಸಿನಿಂದ ಹೊರಟ ಕಬ್ಬಿಣದ ದಂಡವೊಂದು ಹಿಂದಿನ ಚಕ್ರಗಳ ತನಕ ಹೋಗಿತ್ತು.

'ಅಯ್ಯೋ ದೇವರೇ... ಇದು ನಾಲ್ಕೂ ಚಕ್ರ ಎಳೆಯೋ ಗಾಡಿ!'

ಇಂಥ ಗಾಡಿಯ ನಾಲ್ಕು ಟೈರೂ ಒಂದೇ ಅಳತೆಯವು ಇರಬೇಕು. ಇಲ್ಲದಿದ್ದರೆ ಮುಂದಿನವು ಒಂದು ಲೆಕ್ಕದಲ್ಲಿ, ಹಿಂದಿನವು ಒಂದು ಲೆಕ್ಕದಲ್ಲಿ ಉರುಳಿ, ಜಗಳದ ಪೆಟ್ಟೆಲ್ಲ ನಡುವಿನ ಗೇರ್‌ಬಾಕ್ಸಿಗೆ ಬೀಳುತ್ತದೆ. ಕೊರಳಿನ ಟೇಪು ಎಳೆದು ಚಕ್ರಕ್ಕೆ ಸುತ್ತಿದಳು. ಹಿಂದೆ ನೂರ ತೊಂಬತ್ತೆಂಟು ಸೆಂಟಿಮೀಟರ್. ಮುಂದೆ... ಇನ್ನೂರ ಐದು. ಅಟ್ಟದಿಂದ ಎಳೆದದ್ದೇ ಬೇರೆ ಅಳತೆಯ ಟೈರು!

ಹತ್ತು ದಿನದಿಂದ ಆ ಚೆಲುವೆಯನ್ನು ಅವನ ಬಾಗಿಲಿಗೆ ಮತ್ತೆ ಮತ್ತೆ ಕಳಿಸಿದ್ದು ಯಾರು? ತಾನೇ! ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದಿದ್ದಳು.

ರಾತ್ರಿಯಿಡೀ ಮಗ್ಗುಲು ಬದಲಾಯಿಸಿದಳು. ಸುಮ್ಮನಿದ್ದರೆ ಬಾಕ್ಸು ಹಾಳಾಗಿ ಡಾಕ್ಟರಮ್ಮ ಈ ಬೀದಿಗೇ ಕಾಲಿಡಲಾರಳು. ಅದರ ಜೊತೆಗೆ ಅವನ ಹೆಸರೂ ಹಾಳಾಗುತ್ತದೆ. ಹೇಳಿದರೆ...? 'ಟೇಪಮ್ಮ' ಎಂದು ಕರೆಯುವ ಆ ಬಾಯಿ ಇನ್ನು ತನ್ನ ಕೆಲಸವನ್ನೇ ನಂಬುವುದಿಲ್ಲ.

ಬೆಳಿಗ್ಗೆ ಅವನು ಬಾಕ್ಸಿನ ಅಡಿಗೆ ಜಾಕು ಕೊಟ್ಟು ಮೊದಲ ಬೋಲ್ಟಿಗೆ ಸ್ಪ್ಯಾನರ್ ಹಿಡಿದಿದ್ದ. ಡಾಕ್ಟರಮ್ಮ ಪಕ್ಕದಲ್ಲೇ ನಿಂತಿದ್ದಳು.

"ನಿಲ್ಸು! ಬೋಲ್ಟ್ ಮುಟ್ಬೇಡ!" ಅವಳು ಓಡಿ ಬಂದಳು. "ಬಾಕ್ಸಿಗೆ ಏನೂ ಆಗಿಲ್ಲ. ತಪ್ಪು ನಂದು... ಅಳತೆ ತೆಗೀದೆ ಟೈರ್ ಹಾಕ್ಬಿಟ್ಟೆ."

ಅವನು ಎದ್ದು ನಿಂತ. "ನೀನಾ? ಅಳತೆ ತೆಗೀದೆ? ಯಾಕೆ?"

"ನೀನು ನಗ್ತಿದ್ದೆ."

"ಏನು?"

"ಅವರ ಜೊತೆ ನಗ್ತಿದ್ದೆ!" ಕಣ್ಣು ತುಂಬಿ ಬಂತು. "ನಾಲ್ಕು ವರ್ಷದಲ್ಲಿ ನನ್ನ ಜೊತೆ ಒಂದ್ಸಲಾನೂ ಹಾಗೆ ನಕ್ಕಿಲ್ಲ ನೀನು. ನನಗೆ ಹೊಟ್ಟೆ ಉರೀತು, ಸಾಕಾ? ಮೇಡಂ, ಕ್ಷಮಿಸ್ಬಿಡಿ. ನಾಲ್ಕೂ ಹೊಸ ಟೈರು ನಾನೇ ಹಾಕ್ಕೊಡ್ತೀನಿ."

ಡಾಕ್ಟರಮ್ಮ ಹಣೆ ಹಣೆ ಚಚ್ಚಿಕೊಂಡಳು. "ಅಯ್ಯೋ ತಾಯಿ, ಅವತ್ತು ನಕ್ಕಿದ್ದು ನಿಮ್ಮ ವಿಷಯಕ್ಕೇ! 'ಪಕ್ಕದವರು ಸರಿಯಾಗಿ ಹಾಕ್ತಾರಾ?' ಅಂತ ಕೇಳಿದೆ. 'ಅವಳಾ? ನನ್ನ ಸೈಕಲ್ ಚಕ್ರಾನೂ ಟೇಪ್ ಹಿಡಿದು ಅಳೆದಿದ್ದಾಳೆ, ಕಣ್ಮುಚ್ಕೊಂಡು ಗಾಡಿ ಬಿಡಿ' ಅಂದ್ರು ನಿಮ್ಮ ಗೇರಣ್ಣ."

ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವನು ಅವಳ ಕೆಲಸವನ್ನು ಹೊಗಳುತ್ತಿದ್ದ ಹೊತ್ತಿಗೇ ಅವಳು ಆ ಕೆಲಸ ಕೆಡಿಸಿದ್ದಳು!

"ಬಯ್ಯಿ ನನ್ನನ್ನ," ಅಂದಳು ತಲೆ ತಗ್ಗಿಸಿ.

"ಬಯ್ಯೋಕೆ ನನಗೇನು ಮುಖ ಇದೆ?" ಅವನ ದನಿ ಮೆತ್ತಗಾಗಿತ್ತು. "ಗಾಡಿ ನಡುಗಿದ್ರೆ ಯಾರೇ ಆಗ್ಲಿ ಮೊದ್ಲು ನೋಡೋದೇ ಟೈರು. ಆಯಿಲ್ ನೋಡ್ದೆ, ಫಿಲ್ಟರ್ ನೋಡ್ದೆ, ಇರೋ ಬರೋ ವೈರೆಲ್ಲ ನೋಡ್ದೆ. ಟೈರ್ ಕಡೆ ಮಾತ್ರ ತಿರುಗಿಯೂ ನೋಡ್ಲಿಲ್ಲ."

"ಯಾಕೆ?"

"ನೀನು ಹಾಕಿದ್ದು ಅಂತ."

ಅವಳು ಅಲ್ಲೇ, ಗ್ರೀಸ್ ಮೆತ್ತಿದ ನೆಲದ ಮೇಲೆ, ಬಿಕ್ಕಿ ಬಿಕ್ಕಿ ಅತ್ತಳು.

ಮಧ್ಯಾಹ್ನದ ಹೊತ್ತಿಗೆ ನಾಲ್ಕೂ ಹೊಸ ಟೈರು ಕೂತವು. ಅಳತೆಗೆ ಟೇಪಿನ ಇನ್ನೊಂದು ತುದಿಯನ್ನು ಅವನೇ ಹಿಡಿದಿದ್ದ. ಡಾಕ್ಟರಮ್ಮ ಬೀದಿಯ ಕೊನೆಯ ತಿರುವಿನ ತನಕ ಹೋಗಿ ಬಂದು ಕಿಟಕಿಯಿಂದ ಕೈ ಬೀಸಿದಳು. "ಬೆಣ್ಣೆ ಹಾಗೆ ಹೋಗ್ತಿದೆ! ಇನ್ನು ನಾನು ಬರಲ್ಲಮ್ಮಾ, ನೆಮ್ಮದಿಯಾಗಿರಿ!"

ಕಾರು ಮರೆಯಾಯಿತು. ಟೇಪಿನ ತುದಿಯನ್ನು ಅವನು ಇನ್ನೂ ಬಿಟ್ಟಿರಲಿಲ್ಲ.

"ಟೇಪಮ್ಮ, ಒಂದು ಮಾತು ಕೇಳ್ಲಾ? ಇಡೀ ಬೀದಿ ನನ್ನನ್ನ ಅಣ್ಣ ಅನ್ನುತ್ತೆ. ನೀನ್ಯಾಕೆ ಅನ್ನಲ್ಲ?"

"ದಡ್ಡ..." ಅತ್ತು ಕೆಂಪಾದ ಕಣ್ಣಲ್ಲೇ ಅವಳಿಗೆ ನಗು ಬಂತು. "ಇದನ್ನ ಕೇಳೋಕೆ ನಾಲ್ಕು ವರ್ಷ ಬೇಕಾಯ್ತಾ?"

ಅವನು ನಕ್ಕುಬಿಟ್ಟ. ಹೊಟ್ಟೆ ಹಿಡಿದುಕೊಂಡು, ಬೀದಿಗೆಲ್ಲ ಕೇಳುವಷ್ಟು ನಕ್ಕ.

"ಟೀ ಕಳಿಸ್ತೀಯಾ?"

"ಕಿಂಡಿಯಿಂದ ಕಳಿಸಲ್ಲ. ಬಾಗಿಲಿಂದ ಬಾ," ಅಂದಳು. "ಅಮ್ಮ ಒಳಗಿದ್ದಾರೆ. ಹಾಗೇ ಹೆಣ್ಣೂ ಕೇಳ್ಬಿಡು."