ಹ್ಯಾಸ್ಕೆಟ್‌ನ ಆದೇಶ

ಆಗಸ್ಟ್ ತಿಂಗಳು. ಬೆಳಗಿನ ಎಂಟು ಗಂಟೆ. ಕೋವಿಯ ನಳಿಗೆ ನೇರ ನನ್ನ ಎದೆಗೇ ನೆಟ್ಟಿತ್ತು.

ಹಿಡಿದವನು ಹ್ಯಾಸ್ಕೆಟ್. ನಿವೃತ್ತ ಸಾರ್ಜೆಂಟ್. ಉತ್ತರ ಕೆರೊಲಿನಾದ ಪೈನ್ ಕಾಡಿನ ಅಂಚಿನಲ್ಲಿ ಒಂಟಿ ಮನೆ ಅವನದು.

"ಗೇಟು ದಾಟಿದ್ರೆ ಸುಟ್ಟುಬಿಡ್ತೀನಿ, ಮುದುಕಾ."

"ಸುಡು. ಮೊದಲು ಈ ಕಾಗದದಲ್ಲಿ ನಡೆದದ್ದು ಬರೆದು ಸಹಿ ಹಾಕು."

ನನಗೆ ಎಪ್ಪತ್ತಾರು. ಓದಿದ್ದು ಆರನೇ ಕ್ಲಾಸು. ಮಾಜಿ ಸೈನಿಕರ ಅಂಗವೈಕಲ್ಯ ಪಿಂಚಣಿಯ ಅರ್ಜಿಗಳ ಹಿಂದೆ ಅಲೆಯುವುದೇ ನನ್ನ ಕೆಲಸ.

ಡೆನ್ನಿ ಪ್ರೂಯಿಟ್ ಹ್ಯಾಸ್ಕೆಟ್‌ನ ತುಕಡಿಯವನು. ಪ್ಯಾರಾಚೂಟ್ ಗಾಳಿಗೆ ಸಿಕ್ಕಿ ಡಾಂಬರಿನ ಮೇಲೆ ಬಿದ್ದ. ಬೆನ್ನು ಹೋಯಿತು. 'ಆಸ್ಪತ್ರೆಯ ದಾಖಲೆ ಇಲ್ಲ, ಬೆನ್ನು ಚೆನ್ನಾಗಿ ಬಾಗುತ್ತದೆ' ಎಂದು ಅರ್ಜಿ ವಜಾ ಆಯಿತು.

ಬಾಗುತ್ತದಂತೆ...

ಪರೀಕ್ಷೆ ಮಾಡಿದ ಡಾಕ್ಟರ್ ಬಾಗಿದ ಕೋನ ಅಳೆಯುವ ಅಳತೆಪಟ್ಟಿ ಮುಟ್ಟಲೇ ಇಲ್ಲ, ಕೇಳಿ. ಆರೇ ನಿಮಿಷ. "ಬಾಗು" ಎಂದ. ಡೆನ್ನಿ ಹಲ್ಲು ಕಚ್ಚಿ ಬೂಟು ಮುಟ್ಟಿ ತೋರಿಸಿದ. ಸೈನಿಕನ ಚಾಳಿ. ಆಮೇಲೆ ಕಾರಿನ ಪಕ್ಕ ನಿಂತು ವಾಂತಿ ಮಾಡಿದ.

ನೆನೆದರೆ ಇಂದಿಗೂ ರಕ್ತ ಕುದಿಯುತ್ತದೆ.

"ಡೆನ್ನಿ ಬಿದ್ದ ದಿನ ಅವನನ್ನ ಆಸ್ಪತ್ರೆಗೆ ಹೋಗೋಕೆ ಬಿಡಲಿಲ್ಲ ನೀನು. ಅಷ್ಟನ್ನೇ ಬರಿ."

"ನನ್ನ ಮಾನ?"

"ಅವನು ಮೂರು ವಾರದಿಂದ ನೆಲದ ಮೇಲೆ ಮಲಗ್ತಿದಾನೆ. ಕೆಲಸ ಹೋಯ್ತು. ನಾಡಿದ್ದು ಮೇಲ್ಮನವಿಯ ಗಡುವು. ಮಾನ ಅಂತೆ, ಮಾನ."

ಗೇಟು ದಾಟಿದೆ.

ಗುಂಡು ಹಾರಿತು. ನನ್ನ ತಲೆಯ ಮೇಲಿನ ಕೊಂಬೆ ಮುರಿದು ಬಿತ್ತು. ಕೋವಿಯ ಒದೆತಕ್ಕೆ ಅವನೇ ಜಗಲಿಯ ಕಂಬ ಹಿಡಿದು ಕುಸಿದ. ಮುಖ ಬಿಳಿಚಿಕೊಂಡಿತ್ತು.

"ನಿಂಗೂ ಬೆನ್ನೇ?"

"ಬಾಯಿ ಮುಚ್ಚು. ಪೆನ್ನು ಕೊಡು."

ಸೆಪ್ಟೆಂಬರಿನಲ್ಲಿ ಡೆನ್ನಿಯ ಮರುಪರೀಕ್ಷೆ. ಹ್ಯಾಸ್ಕೆಟ್ ಕರೆಯದೆಯೇ ಬಂದು ಬಾಗಿಲಲ್ಲಿ ನಿಂತ. ಈ ಸಲ ಡಾಕ್ಟರಮ್ಮ ಅಳತೆಪಟ್ಟಿ ಹಿಡಿದೇ ಕೂತಿದ್ದರು.

"ಎಲ್ಲಿ ನೋವು ಶುರುವಾಗುತ್ತೋ ಅಲ್ಲಿ ನಿಲ್ಲಿಸಿ."

ಡೆನ್ನಿ ಬಾಗಿದ. ಬೆವರಿದ. ನಿಲ್ಲಿಸಲಿಲ್ಲ. ದಡ್ಡ, ಮತ್ತೆ ಬೂಟಿನ ಕಡೆಗೇ ಹೊರಟಿದ್ದ...

"ಪ್ರೂಯಿಟ್. ಅಲ್ಲೇ ನಿಲ್ಲು. ಇದು ಆದೇಶ."

ಹ್ಯಾಸ್ಕೆಟ್‌ನ ಕವಾಯತು ಮೈದಾನದ ದನಿ. ಡೆನ್ನಿ ತಟ್ಟನೆ ನಿಂತ. ಬಾಗಿದ್ದು ಇಪ್ಪತ್ತೈದೇ ಡಿಗ್ರಿ. ಡಾಕ್ಟರಮ್ಮ ಬರೆದುಕೊಂಡರು.

ಡೆನ್ನಿಯ ಪಿಂಚಣಿಗೆ ಮಂಜೂರಾತಿ ಬಂದದ್ದು ಒಂದು ಗುರುವಾರ. ಹೇಳಿಕಳಿಸಿದೆ, ಹ್ಯಾಸ್ಕೆಟ್ ಬಂದು ಕಾಗದವನ್ನು ಎರಡು ಸಲ ಓದಿದ.

"ಈಗ ನಿನ್ನ ಅರ್ಜಿ ಬರೆಯೋಣ," ಎಂದೆ.

"ನಂಗೇನಾಗಿದೆ?"

ಟ್ರಕ್ಕಿನ ಬಾಗಿಲು ಹಿಡಿದು, ಮೂರನೇ ಸಲಕ್ಕೆ ಹತ್ತಿದ. ಅರ್ಜಿ ಬರೆಸದೆಯೇ ಹೊರಟುಹೋದ.

'ನಿಲ್ಲು' ಎಂದು ಹ್ಯಾಸ್ಕೆಟ್‌ಗೂ ಆದೇಶ ಕೊಡಬಲ್ಲವನಾಗಿದ್ದ ಅವನ ಹಳೆಯ ಸಾರ್ಜೆಂಟ್ ಸತ್ತು ಹನ್ನೊಂದು ವರ್ಷವಾಗಿತ್ತು.