ನೀಲಗಂಗ ಬಾರದೆ ಹಚ್ಚದ ಪ್ಲೇಟು

"ಐದು ಮಾರು ಮಲ್ಲಿಗಿ ಬೇಕಾಗಿತ್ರಿ..."

ಹೂ ಕಟ್ಟುತ್ತಿದ್ದ ನೀಲಗಂಗ ತಲೆಯೆತ್ತಿದಳು. ಎದುರಿಗೆ ನಿಂತವನ ಕಣ್ಣು ಕಂಡು ಬೆರಳಿನ ನಾರು ಜಾರಿತು!

"ಮದ್ವಿಗೇನ್ರಿ?"

"ಇಲ್ರಿ... ಮೈಕಿನ ಹಾರ್ನಿಗೆ."

ಹಡಗಲಿ ಬಸ್ ಸ್ಟ್ಯಾಂಡಿನಲ್ಲಿ ಆರು ವರ್ಷದಿಂದ ಹೂ ಮಾರುತ್ತಿದ್ದಳು. ಹಾರ್ನಿಗೆ ಮಾಲೆ ಕೇಳಿದವನು ಇವನೊಬ್ಬನೇ. ಕಿಸಕ್ಕನೆ ನಕ್ಕುಬಿಟ್ಟಳು.

ಅವನು ಹಾಲೇಶ. ಟೂರಿಂಗ್ ಟಾಕೀಸಿನಲ್ಲಿ ಆಟಕ್ಕೆ ಮೊದಲು ಹಾಡು ಹಾಕುವವನು. ಮುಖವಾಡ ತೊಟ್ಟು ಆಕಾಶದಲ್ಲಿ ಹಾರುವ ವೀರನ ಹೊಸ ಸಿನಿಮಾ ಬರಲಿತ್ತು. ಅದಕ್ಕೂ ಮುಂಚೆ ಅದರ ಸಂಗೀತದ ಗ್ರಾಮಫೋನ್ ಪ್ಲೇಟು. ಪ್ಲೇಟು ಬಂದ ದಿನ ಹಾರ್ನಿಗೆ ಮಾಲೆ ಹಾಕುವುದು ಅಭಿಮಾನಿ ಸಂಘದವರ ಹೊಸ ಪದ್ಧತಿ.

"ಅಂವ ಹಾರುವಾಗ ಡೊಳ್ಳು ಬರ್ಬೇಕಂತಾರ ಕೆಲವರು, ಕಹಳಿ ಅಂತಾರ ಕೆಲವರು. ಹೋಟೆಲಿನಾಗ ದಿನಾ ಜಗಳ! ನೀವೇನಂತೀರಿ?"

ಅವಳನ್ನು ಇಂಥದ್ದನ್ನು ಯಾರೂ ಕೇಳಿರಲಿಲ್ಲ...

"ನಸುಕಿನ್ಯಾಗ ಮೊಗ್ಗು ಬಿಡಿಸುವಾಗ ತೋಟದ ಮ್ಯಾಲೆ ಕೊಕ್ಕರಿ ಹಾರ್ತಾವ್ರಿ. ಒಂಚೂರೂ ಸಪ್ಪಳ ಇರಂಗಿಲ್ಲ. ಹಾರೋದಂದ್ರ ಅದು! ಒಂದು ಕೊಳಲು ಸಾಕು."

ಅವನು ಅವಳನ್ನೇ ನೋಡುತ್ತ ನಿಂತ.

"ಶುಕ್ರವಾರ ಸಂಜಿಗೆ ಮಾಲಿ ತಗೊಂಡು ನೀವೇ ಬರ್ರಿ. ನೀವು ಬರೋತನಕ ಪ್ಲೇಟು ಹಚ್ಚಂಗಿಲ್ಲ!"

ಆ ಮೂರು ದಿನ ನೀಲಗಂಗಳ ಕಾಲು ನೆಲಕ್ಕೆ ತಾಗಲಿಲ್ಲ.

ಶುಕ್ರವಾರ ಹೋದರೆ... ಟಾಕೀಸಿನ ಹಾಡು ಹಾಕುವ ಕೋಣೆಗೆ ಬೀಗ! ದೀಪ ಹಚ್ಚುವವರೆಗೂ ಕಾದಳು. 'ಹೂ ಮಾರೋಳಿಗೆ ಕೊಟ್ಟ ಮಾತು ಯಾರಿಗೆ ನೆನಪಿರ್ತೈತಿ...' ಬೀಗಕ್ಕೇ ಮಾಲೆ ತೂಗುಹಾಕಿ, ಕಣ್ಣೊರೆಸಿಕೊಂಡು ಹಿಂತಿರುಗಿದಳು.

ಮರುದಿನ ಅವನು ಓಡುತ್ತ ಬಂದ. ನೀಲಗಂಗ ಅವನಿಗೆ ಬಾಯಿ ತೆರೆಯಲೂ ಬಿಡಲಿಲ್ಲ.

"ಹೂವು ತೀರ್ಯಾವ. ನಡೀರಿ."

ಪುಟ್ಟಿ ತುಂಬ ಮೊಗ್ಗಿದ್ದವು! ಅವನು ಪುಟ್ಟಿಯನ್ನೂ ಅವಳನ್ನೂ ನೋಡಿ ಹೊರಟುಹೋದ.

ಸೋಮವಾರ ಸಂಘದ ಮುಖಂಡ ಹುಲುಗಣ್ಣ ಏದುಸಿರು ಬಿಡುತ್ತ ಬಂದ.

"ಯವ್ವಾ ತಂಗಿ, ಕೈ ಮುಗೀತೀನಿ ಬಾರವ್ವ! ಆ ಹುಚ್ಚ ಪ್ಲೇಟು ಹಚ್ಚವಲ್ಲ. ನೀ ಬರೋತನಕ ಹಚ್ಚಂಗಿಲ್ಲಂತ ಹಠ ಹಿಡದು ಕುಂತಾನ!"

"ಶುಕ್ರವಾರ ಬೀಗ ಹಾಕ್ಕೊಂಡು ಎಲ್ಲಿ ಹೋಗಿದ್ರಂತ?"

"ಬೊಮ್ಮನಳ್ಳಿ ಸ್ಟೇಷನ್ನಿಗೆ! ಪ್ಲೇಟಿನ ಪಾರ್ಸಲ್ ತರಾಕ ಹೋದ, ರೈಲು ತಡ ಆತು. ಇವತ್ತು ಹಚ್ಚಲಿಲ್ಲಂದ್ರ ಮಾಲಕರು ಅವನ್ನ ಕೆಲಸದಿಂದ ತೆಗೀತಾರಂತ. ಆದ್ರೂ ಜಗ್ಗವಲ್ಲ!"

ನೀಲಗಂಗ ಹೂವಿನ ಪುಟ್ಟಿಯನ್ನು ಹುಲುಗಣ್ಣನ ಕೈಗೇ ತುರುಕಿ ಓಡಿದಳು.

ಇಳಿಬಿಸಿಲಿನಲ್ಲಿ ಟಾಕೀಸಿನ ಡೇರೆ ಹೊನ್ನಿನ ಬಣ್ಣಕ್ಕೆ ತಿರುಗಿತ್ತು. ಹಾರ್ನಿನ ಕೊರಳಲ್ಲಿ ಅವಳದೇ ಮಾಲೆ... ಬಾಡಿದ್ದರೂ ತೆಗೆದಿರಲಿಲ್ಲ!

ಅವಳು ಕೋಣೆಯ ಮೆಟ್ಟಿಲು ಹತ್ತಿದಳು. ಹಾಲೇಶ ಪ್ಲೇಟಿನ ಮೇಲೆ ಮುಳ್ಳು ಇಳಿಸಿದ.

ಡೊಳ್ಳು ಗುಡುಗಿತು, ಕಹಳೆ ಮೊಳಗಿತು. ಹೊರಗೆ ಸೀಟಿ, ಕೇಕೆ, ಕುಣಿತ! ಕೊನೆಯವರೆಗೂ ಕಾದಳು ನೀಲಗಂಗ.

"ಕೊಳಲು ಬರ್ಲೇ ಇಲ್ಲಲ್ರಿ..."

"ನನಗ ಕೇಳಿಸ್ತು. ನೀವು ಮೆಟ್ಲ ಹತ್ತುವಾಗ."

ಅವಳ ಕೆನ್ನೆ ಕೆಂಪೇರಿತು.

"ಕೆಲಸ ಹೋಗಿದ್ರ ಏನ್ ಮಾಡ್ತಿದ್ರಿ, ಹುಚ್ಚಪ್ಪ?"

"ದಿನಾ ಬಸ್ ಸ್ಟ್ಯಾಂಡಿಗೆ ಬಂದು ಕುಂದರ್ತಿದ್ದೆ... ನಿಮ್ಮಪ್ಪಾರನ್ನ ಕೇಳಾಕ ಯಾವಾಗ ಬರ್ಲಿ?"

ನೀಲಗಂಗ ಬಾಡಿದ ಮಾಲೆಯಿಂದ ಒಂದು ಹೂ ಬಿಡಿಸಿ ಅವನ ಅಂಗೈಲಿಟ್ಟಳು.

"ನಾಳೆ ನಸುಕಿನ್ಯಾಗ ತೋಟಕ್ಕ ಬರ್ರಿ. ಮೊಗ್ಗು ಬಿಡಿಸಾಕ ಇನ್ನೊಂದು ಕೈ ಬೇಕಂತ ಅಪ್ಪ ಅನ್ನಾಕಹತ್ಯಾನ..."