ದೊಡ್ಡ ಮೇಜಿನ ನಡುವಿನ ಗೆರೆ

ಆ ಭಾನುವಾರ ಬೆಳಿಗ್ಗೆ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಸುರಿಯದೆ ಉಳಿದ ಮೋಡ ಊರಿನ ಮೇಲೆ ಮುನಿಸಿಕೊಂಡ ಹಾಗೆ ಕೂತಿತ್ತು. ಮರಗೆಲಸದ ಅಂಗಡಿಯ ಬಾಗಿಲಿಗೆ ಕಟ್ಟಿದ ಪಕ್ಷದ ಬಾವುಟ ಒದ್ದೆ ಬಟ್ಟೆಯಂತೆ ಜೋತುಬಿದ್ದಿತ್ತು.

“ಟೇಪ್ ಸರಿಯಾಗಿ ಹಿಡ್ಕೋ ಗುಬ್ಬಿ, ಜೋಲು ಬಿಡಬೇಡ,” ಎಂದರು ಅಜ್ಜ.

ಗುಬ್ಬಿ ಟೇಪಿನ ತುದಿಯನ್ನು ದೊಡ್ಡ ಮೇಜಿನ ಅಂಚಿಗೆ ಒತ್ತಿ ಹಿಡಿದಳು. ಅಜ್ಜ ಇನ್ನೊಂದು ತುದಿಯವರೆಗೆ ನಡೆದು, ಹಿಂದೆ ಬಂದು, ಸರಿಯಾಗಿ ನಡುವೆ ಪೆನ್ಸಿಲಿನಿಂದ ಒಂದು ಗೆರೆ ಎಳೆದರು. ಹನ್ನೆರಡು ಅಡಿ ಉದ್ದದ ಮೇಜು. ಆರು ಅಡಿ ಆ ಕಡೆ, ಆರು ಅಡಿ ಈ ಕಡೆ.

ಎದುರಿಗೆ ಕೈಕಟ್ಟಿ ನಿಂತಿದ್ದ ಏಣಿ ಅಜ್ಜ ಬಗ್ಗಿ ನೋಡಿದರು. ಅವರು ಅಜ್ಜನ ಜೊತೆ ಇದೇ ಅಂಗಡಿಯಲ್ಲಿ ಕೆಲಸ ಮಾಡುವವರು. ಬಲ್ಬು ಬದಲಿಸಲು ಸ್ಟೂಲೇ ಬೇಡದಷ್ಟು ಎತ್ತರ. ಅದಕ್ಕೇ ಗುಬ್ಬಿ ಅವರಿಗೆ ಆ ಹೆಸರಿಟ್ಟಿದ್ದಳು.

“ನಿಮ್ಮ ಕಡೆಗೆ ಕೂದಲೆಳೆಯಷ್ಟು ಜಾಸ್ತಿ ಹೋಗಿದೆ,” ಎಂದರು ಏಣಿ ಅಜ್ಜ.

“ಅನುಮಾನ ಇದ್ರೆ ನೀವೇ ಅಳೆದ್ಕೊಳ್ಳಿ,” ಎಂದರು ಅಜ್ಜ.

ನೀವು! ಗುಬ್ಬಿ ಇಬ್ಬರ ಮುಖವನ್ನೂ ನೋಡಿದಳು. ಇಬ್ಬರೂ ಒಬ್ಬನೇ ಮೇಸ್ತ್ರಿಯ ಹತ್ತಿರ ಬೈಸಿಕೊಂಡು ಕೆಲಸ ಕಲಿತವರು. ಇಷ್ಟು ವರ್ಷ ಅವರ ನಡುವೆ ಅವಳು ಕೇಳಿದ್ದು ‘ಲೋ’, ‘ಏನೋ’, ‘ಹೋಗೋ’ ಮಾತ್ರ. ಹದಿನೈದು ದಿನದಿಂದ ಈಚೆಗೆ ಈ ಮರ್ಯಾದೆ ಶುರುವಾಗಿತ್ತು. ಇಷ್ಟು ಕೆಟ್ಟ ಮರ್ಯಾದೆಯನ್ನು ಅವಳು ಎಲ್ಲೂ ಕಂಡಿರಲಿಲ್ಲ.

ಹದಿನೈದು ದಿನದ ಹಿಂದೆ ಚುನಾವಣೆಯ ಫಲಿತಾಂಶ ಬಂದಿತ್ತು.

ಚುನಾವಣೆ ಈ ಅಂಗಡಿಗೆ ಹೊಸದೇನಲ್ಲ. ಅಜ್ಜನದು ಒಂದು ಪಕ್ಷ, ಏಣಿ ಅಜ್ಜನದು ಇನ್ನೊಂದು. ಇಬ್ಬರ ನಡುವೆ ಒಂದು ಹಳೆಯ ಕರಾರಿತ್ತು. ಯಾರ ಪಕ್ಷ ಸೋಲುತ್ತದೋ ಅವರು ಏಳು ದಿನ ಗೆದ್ದವರಿಗೆ ಚಹಾ ಮಾಡಿಕೊಡಬೇಕು. ಸುಮ್ಮನೆ ಕೊಟ್ಟರಾಗದು, ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕೊಡಬೇಕು.

ಹಿಂದಿನ ಸಲ ಗುಬ್ಬಿ ಯುಕೆಜಿಯಲ್ಲಿದ್ದಳು. ಆಗ ಸೋತವರು ಏಣಿ ಅಜ್ಜ. ರೇಡಿಯೋದ ಸುತ್ತ ಮೂವರೂ ಕೂತಿದ್ದು, ಮರದ ಪುಡಿಯ ವಾಸನೆ, ಮೂಲೆಯಲ್ಲಿ ಸ್ಟೌವಿನ ಬುಸ್ ಬುಸ್ ಸದ್ದು, ಎಲ್ಲವೂ ಅವಳಿಗೆ ಈಗಲೂ ನೆನಪಿದೆ.

“ತಗೊಳ್ಳಿ ಮಹಾರಾಜರೇ,” ಎಂದು ಏಣಿ ಅಜ್ಜ ಸೊಂಟ ಬಗ್ಗಿಸಿ ಕಪ್ಪು ನೀಡಿದ್ದರು.

ಅಜ್ಜ ಒಂದು ಗುಟುಕು ಕುಡಿದು, “ಥೂ, ನಿಮ್ಮ ಪಕ್ಷದ ಭಾಷಣದ ಹಾಗೇ ಇದೆ ಕಣೋ, ಬರೀ ನೀರು!” ಎಂದಿದ್ದರು. ಏಣಿ ಅಜ್ಜ ನಕ್ಕು ನಕ್ಕು ಕಣ್ಣೊರೆಸಿಕೊಂಡಿದ್ದರು. ಗುಬ್ಬಿಗೂ ಡಬ್ಬಿಯ ಮುಚ್ಚಳದಲ್ಲಿ ಎರಡು ಗುಟುಕು ಸಿಕ್ಕಿತ್ತು.

ಈ ಸಲ ಹಾಗಾಗಲಿಲ್ಲ. ಮತದಾನಕ್ಕೆ ಮೊದಲೇ ಇಬ್ಬರ ಫೋನಿಗೂ ಏನೇನೋ ವಿಡಿಯೋ ಬರತೊಡಗಿದ್ದವು. ಅಜ್ಜ ತಮ್ಮ ಫೋನು ನೋಡಿ ಕೆಂಪಾಗುತ್ತಿದ್ದರು, ಏಣಿ ಅಜ್ಜ ತಮ್ಮದನ್ನು ನೋಡಿ. ಗೆದ್ದ ದಿನ ಏಣಿ ಅಜ್ಜ ಬಾಗಿಲಿಗೆ ಬಾವುಟ ಕಟ್ಟಿ, “ಇನ್ನು ಐದು ವರ್ಷ ಬಾಯಿ ಮುಚ್ಕೊಂಡಿರು,” ಎಂದುಬಿಟ್ಟರು.

“ನಿನ್ನಂಥೋರಿಂದ್ಲೇ ಊರು ಹಾಳಾಗಿದ್ದು,” ಎಂದರು ಅಜ್ಜ.

ಸ್ಟೌ ಹೊತ್ತಲಿಲ್ಲ. “ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು,” ಎಂದು ಅಮ್ಮ ಅವತ್ತು ಮನೆಯಲ್ಲಿ ತನ್ನಷ್ಟಕ್ಕೇ ಹೇಳಿಕೊಂಡಳು.

ಸ್ಕೂಲಿನಲ್ಲೂ ಇದೇ ಗಲಾಟೆ. ಯಾರ ಮನೆಯಲ್ಲಿ ಯಾರಿಗೆ ವೋಟು ಅಂತ ಹಿಂದಿನ ಬೆಂಚಿನವರು ಲಿಸ್ಟ್ ಮಾಡುತ್ತಿದ್ದರು. “ನೀನು ಯಾವ ಸೈಡು?” ಎಂದರೆ, “ನಂಗಿನ್ನೂ ಹತ್ತೇ ವರ್ಷ, ವೋಟಿಲ್ಲ” ಎಂದು ಗುಬ್ಬಿ ತಪ್ಪಿಸಿಕೊಳ್ಳುತ್ತಿದ್ದಳು. ಸ್ಕೂಲು ಬಿಟ್ಟ ಮೇಲೆ ಓಡಿ ಬಂದು ದೊಡ್ಡ ಮೇಜಿನ ನಡುವೆ ಹತ್ತಿ ಕೂತರೆ ಮಾತ್ರ ಮನಸ್ಸು ಹಗುರಾಗುತ್ತಿತ್ತು. ಅವಳು ಹೋಮ್‌ವರ್ಕ್ ಮಾಡುವುದು ಅಲ್ಲೇ. ಬಲಕ್ಕೆ ಅಜ್ಜ, ಎಡಕ್ಕೆ ಏಣಿ ಅಜ್ಜ. ಗಣಿತ ಹೇಳಿಕೊಡುವುದು ಅಜ್ಜ, ಚಿತ್ರ ಏಣಿ ಅಜ್ಜ. ಅಮ್ಮ ಚಿಕ್ಕವಳಿದ್ದಾಗ ಇದೇ ಮೇಜಿನ ಕಾಲು ಹಿಡಿದು ನಡೆಯಲು ಕಲಿತಿದ್ದಳಂತೆ.

ಇವತ್ತು ಆ ಮೇಜನ್ನು ಎರಡು ಮಾಡುವ ದಿನ. ಆಮೇಲೆ ಅಂಗಡಿಯ ನಡುವೆ ಹಲಗೆಯ ಗೋಡೆ.

ಅಜ್ಜ ಕರೆಂಟಿನ ಕಟರ್ ತಂದರು. ಹಲಗೆಗೆ ಇಟ್ಟು ನೋಡಿ ಪೆಚ್ಚಾದರು. ಬ್ಲೇಡು ಅರ್ಧ ದಪ್ಪಕ್ಕೂ ಇಳಿಯುವಂತಿರಲಿಲ್ಲ. ಹೊರಗೆ ಒಯ್ದು ಮಿಲ್ಲಿನಲ್ಲಿ ಕುಯ್ಯಿಸೋಣವೆಂದರೆ ಮೇಜು ಬಾಗಿಲಲ್ಲಿ ಹಿಡಿಸದು. ಅದನ್ನು ಕಟ್ಟಿದ್ದೇ ಒಳಗೆ.

“ದೊಡ್ಡ ಗರಗಸನೇ ಬೇಕು,” ಎಂದರು ಅಜ್ಜ, ಗೋಡೆಗೆ ಹೇಳುವ ಹಾಗೆ.

ಇಬ್ಬರೂ ಮೇಲೆ ನೋಡಿದರು. ದೊಡ್ಡ ಗರಗಸ ಮೊಳೆಗೆ ನೇತಾಡುತ್ತಿತ್ತು. ಅದಕ್ಕೆ ಎರಡು ಹಿಡಿ. ಆ ತುದಿಗೆ ಒಬ್ಬರು, ಈ ತುದಿಗೆ ಒಬ್ಬರು. ಒಬ್ಬರೇ ಎಳೆಯುವಂಥದ್ದಲ್ಲ. ಇದು ಇಬ್ಬರು ಮರಗೆಲಸದವರಿಗೂ ಇಷ್ಟು ದಿನ ಹೊಳೆದೇ ಇರಲಿಲ್ಲ! ಗುಬ್ಬಿಗೆ ನಗು ಬಂತು. ನಗುವ ಹೊತ್ತಲ್ಲವೆಂದು ತುಟಿ ಕಚ್ಚಿಕೊಂಡಳು.

ಏಣಿ ಅಜ್ಜ ಕೈಚಾಚಿ ಗರಗಸ ಇಳಿಸಿದರು. ಹೊಸಿಲ ಮೇಲೆ ಕೂತು, ಅರ ಹಿಡಿದು, ಒಂದೊಂದೇ ಹಲ್ಲು ಮಸೆದರು. ಅರ್ಧ ಗಂಟೆ ಬೇಕಾಯಿತು. ಅಜ್ಜ ಒಂದು ಕಾಗದವನ್ನು ಹಲ್ಲಿಗೆ ತಾಗಿಸಿ ನೋಡಿದರು. ಕಾಗದ ಸದ್ದಿಲ್ಲದೆ ಎರಡಾಯಿತು. ಅಜ್ಜ ತುಂಡುಗಳನ್ನು ಮೇಜಿನ ಮೇಲೆ ಹಾಕಿ ತಲೆಯಾಡಿಸಿದರು.

“ಮೇಲೆ ಕೂತ್ಕೋ ಗುಬ್ಬಿ. ಹಲಗೆ ಅದುರಬಾರದು.”

ಯಾವ ಮರ ಕುಯ್ಯುವಾಗಲೂ ಭಾರಕ್ಕೆ ಅವಳನ್ನೇ ಕೂರಿಸುತ್ತಿದ್ದರು. ಗುಬ್ಬಿ ಗೆರೆಯ ಪಕ್ಕಕ್ಕೆ ಹತ್ತಿ ಕೂತಳು. ಇಬ್ಬರೂ ಮರದ ಮೇಲೆ ಅಂಗೈಯಿಟ್ಟು ಒಂದು ಕ್ಷಣ ಕಣ್ಣು ಮುಚ್ಚಿದರು. ಮರ ದೇವರು ಕೊಟ್ಟದ್ದು, ಅದರ ಅಪ್ಪಣೆ ಕೇಳದೆ ಹಲ್ಲು ಹಾಕಬಾರದು ಎಂದು ಕಲಿತವರು ಅವರು. ಈ ಸಲ ಆ ಕ್ಷಣ ತುಂಬ ಉದ್ದವಾಗಿತ್ತು. ಮರ ಏನಂದಿತೋ, ಯಾರೂ ಹೇಳಲಿಲ್ಲ.

ಎಳೆದರು. ಗರ್... ಎಂದು ಗರಗಸ ಕಚ್ಚಿಕೊಂಡು ಬಿಲ್ಲಿನ ಹಾಗೆ ಬಾಗಿತು.

“ತಳ್ಳಬೇಡಿ!” ಎಂದರು ಏಣಿ ಅಜ್ಜ.

“ತಳ್ಳಿದ್ದು ನೀವು!”

ಎರಡನೇ ಸಲವೂ ಹಾಗೇ ಆಯಿತು. ಗುಬ್ಬಿಗೆ ಗೊತ್ತಿತ್ತು. ದೊಡ್ಡ ಗರಗಸವನ್ನು ಎಳೆಯಬೇಕಷ್ಟೇ, ತಳ್ಳಬಾರದು. ತನ್ನ ಸರದಿ ಮುಗಿದ ಕೂಡಲೇ ಕೈ ಸಡಿಲ ಬಿಡಬೇಕು, ಆಗ ಆಚೆಯವನು ಎಳೆಯುತ್ತಾನೆ. ಅದಕ್ಕೇ ಒಬ್ಬರು ಕೂಗಿ ಕೂಗಿ ತಾಳ ಹಾಕುವುದು. ಆದರೆ ಇವತ್ತು ಕೂಗುವವರು ಯಾರು?

“ನೀನು ಕೂಗು,” ಎಂದರು ಅಜ್ಜ ಅವಳಿಗೆ.

ಗುಬ್ಬಿ ಗಂಟಲು ಸರಿಮಾಡಿಕೊಂಡಳು. “ಆ ಕಡೆ... ಈ ಕಡೆ... ಆ ಕಡೆ... ಈ ಕಡೆ...”

ಗರಗಸ ಓಡತೊಡಗಿತು. ಸರ್... ಸರ್... ಅಜ್ಜನ ಹೆಗಲು ಸಡಿಲವಾಯಿತು. ಏಣಿ ಅಜ್ಜನ ಕಣ್ಣು ಎಂದಿನಂತೆ ಅರ್ಧ ಮುಚ್ಚಿಕೊಂಡವು. ಬೆಲ್ಲದ ಬಣ್ಣದ ಪುಡಿ ಎರಡೂ ಬದಿಗೆ ಉದುರಿತು. ಅಮ್ಮನಷ್ಟೇ ವಯಸ್ಸಾದ ಮೇಜು, ಆದರೂ ಒಳಗಿನ ಮರ ಈಗಷ್ಟೇ ಕಡಿದ ಹಾಗೆ ಘಮ್ಮೆಂದಿತು. ಒಂದು ಗಳಿಗೆ ಗುಬ್ಬಿಗೆ, ಇಬ್ಬರೂ ನಗುತ್ತ ಹೀಗೇ ಮರ ಕುಯ್ಯುತ್ತಿದ್ದ ಹೋದ ವರ್ಷದ ರಜೆಯೇ ವಾಪಸು ಬಂದಂತಾಯಿತು.

ಆಗ ಕೆಳಗೆ ನೋಡಿದಳು. ಹಲಗೆಯ ಮೇಲೆ ಒಂದು ಉಂಗುರದ ಕಲೆಯಿತ್ತು. ಎಷ್ಟೋ ವರ್ಷ ಬಿಸಿ ಕಪ್ಪು ಇಟ್ಟೂ ಇಟ್ಟೂ ಆದದ್ದು. ಗರಗಸದ ಹಲ್ಲು ಅದರ ಮೇಲೇ ಹಾಯುತ್ತಿತ್ತು.

ಅವಳ ಕೂಗು ನಿಂತಿತು. ಗರಗಸವೂ ಕಚ್ಚಿಕೊಂಡು ನಿಂತಿತು.

“ಯಾಕೆ ನಿಲ್ಲಿಸ್ದೆ?” ಎಂದರು ಅಜ್ಜ.

“ಅಜ್ಜ... ನಾಳೆಯಿಂದ ನಾನು ಯಾವ ಕಡೆ ಕೂತ್ಕೊಳ್ಳಲಿ?”

ಏಣಿ ಅಜ್ಜ ಗೆರೆ ನೋಡಿದರು, ಅವಳ ತೂಗುಬಿದ್ದ ಕಾಲು ನೋಡಿದರು. ಅಜ್ಜ ಹಣೆಯ ಬೆವರು ಒರೆಸಿದರು, ಒರೆಸಿದ ಜಾಗವನ್ನೇ ಮತ್ತೆ ಒರೆಸಿದರು. ಬೀದಿಯಲ್ಲಿ ಒಂದು ಸೈಕಲ್ ಬೆಲ್ಲು ಬಾರಿಸಿಕೊಂಡು ಹೋಯಿತು.

ಏಣಿ ಅಜ್ಜ ಬಗ್ಗಿ ಗರಗಸದ ಮೇಲೆ ಬೆರಳಾಡಿಸಿದರು. “ಹಲ್ಲು ಮೊಂಡಾಗಿದೆ,” ಎಂದರು ಮೆಲ್ಲಗೆ. “ಇವತ್ತು ಆಗಲ್ಲ.”

ಅಜ್ಜ ತಾವೂ ಬೆರಳಾಡಿಸಿದರು. “ಹೌದು,” ಎಂದರು. “ಪೂರ್ತಿ ಮೊಂಡು.”

ಗುಬ್ಬಿ ಬಾಯಿ ತೆರೆದಳು. ಕಾಗದದ ಎರಡು ತುಂಡು ಇನ್ನೂ ಅವಳ ಪಕ್ಕದಲ್ಲೇ ಬಿದ್ದಿದ್ದವು. ಅವಳು ಅವನ್ನು ಮೆಲ್ಲಗೆ ಎತ್ತಿ ಮುಷ್ಟಿಯೊಳಗೆ ಮುದುರಿಕೊಂಡು ಬಾಯಿ ಮುಚ್ಚಿದಳು.

ಏಣಿ ಅಜ್ಜ ಗರಗಸವನ್ನು ಮೊಳೆಗೆ ಸಿಕ್ಕಿಸಿದರು. ಮೇಜಿನ ನಡುವೆ ಬೆರಳುಗುರು ಮುಳುಗುವಷ್ಟು ಆಳದ ಗೆರೆ ಉಳಿದಿತ್ತು. ಗುಬ್ಬಿ ತನ್ನ ಪೆನ್ಸಿಲನ್ನು ಅದರಲ್ಲಿಟ್ಟು ನೋಡಿದಳು. ಉರುಳದೆ ನಿಂತಿತು.

ಹೊರಗೆ ಎಲ್ಲಿಂದಲೋ ಗಾಳಿ ಬಂತು. ಬಾಗಿಲಿನ ಬಾವುಟ ಪಟಪಟ ಎಂದಿತು. ಅಜ್ಜ ಆ ಕಡೆ ತಿರುಗಲಿಲ್ಲ. ಮೂಲೆಗೆ ಹೋಗಿ, ಸ್ಟೌವಿನ ಮೇಲಿನ ಹದಿನೈದು ದಿನದ ಧೂಳು ಊದಿ, ಕಡ್ಡಿ ಗೀರಿದರು.

ಬುಸ್ ಬುಸ್ ಸದ್ದು ಶುರುವಾಯಿತು.

“ಸಕ್ಕರೆ ಎರಡು ಚಮಚ,” ಎಂದರು ಏಣಿ ಅಜ್ಜ, ಕಿಟಕಿಯ ಹೊರಗೆ ನೋಡುತ್ತ.

“ಗೊತ್ತು ಕಣೋ,” ಎಂದರು ಅಜ್ಜ, ಹಿಂದೆ ತಿರುಗದೆ.

ಚಹಾ ಕುದಿಯಿತು. ಗುಬ್ಬಿ ಯಾರೂ ಹೇಳದೆಯೇ ಡಬ್ಬಿಯ ಮುಚ್ಚಳ ತೊಳೆದು ತಂದಳು. ಅಜ್ಜ ಕಪ್ಪು ತುಂಬಿಸಿ, ಚೆಲ್ಲದ ಹಾಗೆ ನಿಧಾನವಾಗಿ ನಡೆದು ಬಂದು, ಅದನ್ನು ಎರಡೂ ಕೈಯಲ್ಲಿ ಹಿಡಿದು ಏಣಿ ಅಜ್ಜನಿಗೆ ನೀಡಿದರು.